ಮನೆ ನುಂಗಿದ ಬೆಂಕಿ, ಮನೆ ಕಾಯ್ದ ಬೆಂಕಿ

1973ರ ಜನವರಿ 23. ಐಸ್‌ಲ್ಯಾಂಡ್‌ನ ಪುಟ್ಟ ದ್ವೀಪ ಹೇಮಾಯ್. ರಾತ್ರಿ ಸುಮಾರು ಎರಡು ಗಂಟೆಗೆ ಊರಂಚಿನಲ್ಲೇ ನೆಲ ಸೀಳಿ ಬೆಂಕಿ ಚಿಮ್ಮಿತು. ಅಲ್ಲಿದ್ದವರು ಸುಮಾರು 5,300 ಜನ. ಹಿಂದಿನ ದಿನ ಬಿರುಗಾಳಿ ಇದ್ದಿದ್ದರಿಂದ ಮೀನುಗಾರಿಕಾ ದೋಣಿಗಳೆಲ್ಲ ದಡದಲ್ಲೇ ಇದ್ದವು. ಬೆಳಗಾಗುವಷ್ಟರಲ್ಲಿ ಹೆಚ್ಚುಕಮ್ಮಿ ಊರಿಗೆ ಊರೇ ದೋಣಿ ಹತ್ತಿ ಪಾರಾಯ್ತು.

ಆದರೆ ಲಾವಾ ಬಂದರಿನತ್ತ ನುಗ್ಗುತ್ತಿತ್ತು. ಬಂದರು ಮುಚ್ಚಿದರೆ ಮೀನಿಲ್ಲ, ಮೀನಿಲ್ಲದಿದ್ದರೆ ಊರೇ ಇಲ್ಲ. ಆಗ ಅವರು ಮಾಡಿದ್ದು ಕೇಳಿದ್ರೆ ಹುಚ್ಚು ಅನ್ಸುತ್ತೆ. ಸಮುದ್ರದ ನೀರನ್ನೇ ಪಂಪ್ ಮಾಡಿ ತಿಂಗಳುಗಟ್ಟಲೆ ಲಾವಾ ಮೇಲೆ ಸುರಿದ್ರು! ಜುಲೈನಲ್ಲಿ ಜ್ವಾಲಾಮುಖಿ ಶಾಂತವಾಯ್ತು. ಸುಮಾರು 400 ಮನೆ ಹೋದವು, ಬಂದರು ಉಳೀತು.

ಕಥೆ ಇಲ್ಲಿಗೆ ಮುಗೀಲಿಲ್ಲ. ಅದೇ ಅಕ್ಟೋಬರ್‌ನಲ್ಲಿ ತೈಲ ಬಿಕ್ಕಟ್ಟು ಶುರುವಾಗಿ ಬೆಲೆ ಗಗನಕ್ಕೇರಿತು. ವಾಪಸ್ ಬಂದ ಹೇಮಾಯ್ ಜನ, ಒಳಗಿನ್ನೂ ಕೆಂಡವಾಗಿದ್ದ ಲಾವಾಕ್ಕೆ ನೀರು ಬಿಟ್ಟರು. ಎದ್ದ ಹಬೆಯನ್ನು ಹೀಟ್ ಎಕ್ಸ್‌ಚೇಂಜರ್‌ಗೆ ಹಾಯಿಸಿ, ಕಾದ ನೀರನ್ನು ಪೈಪಿನಲ್ಲಿ ಮನೆಮನೆಗೆ ಕಳಿಸಿದರು. ಇಂಜಿನಿಯರಿಂಗ್ ಓದುವಾಗ ಹೀಟ್ ಎಕ್ಸ್‌ಚೇಂಜರ್ ಅಂದ್ರೆ ನನಗೊಂದು ಪರೀಕ್ಷೆ ಪ್ರಶ್ನೆ. ಅವರಿಗೆ ಅದು ಚಳಿಗಾಲ ದಾಟುವ ದಾರಿ.

ಇವತ್ತು ಐಸ್‌ಲ್ಯಾಂಡ್‌ನ ಹತ್ತರಲ್ಲಿ ಸುಮಾರು ಒಂಬತ್ತು ಮನೆಗಳನ್ನು ಬೆಚ್ಚಗಿಡೋದು ಭೂಮಿಯೊಳಗಿನ ಶಾಖವೇ. ಜ್ವಾಲಾಮುಖಿಯನ್ನು ತಡೆಯೋಕೆ ಯಾರಿಂದಲೂ ಆಗಲ್ಲ. ಅದು ಕಿತ್ತುಕೊಂಡದ್ದರಲ್ಲಿ ಒಂದಿಷ್ಟನ್ನು ಅದರಿಂದಲೇ ವಸೂಲಿ ಮಾಡಬಹುದು.