ಸಪ್ಪೆ ಕಡಲಿನ ಪುಟ್ಟ ಮೀನು, ಸ್ವೀಡನ್ನಿನ ಸ್ಯಾಂಡ್‌ವಿಚ್

ಇವತ್ತು ಸ್ವೀಡನ್ನಿನ ಒಂದು ಸ್ಯಾಂಡ್‌ವಿಚ್ ಕಥೆ ಹೇಳ್ತೀನಿ. ಗಟ್ಟಿ ರೊಟ್ಟಿ, ಬೆಣ್ಣೆ, ಅದರ ಮೇಲೆ ಹುರಿದ ಪುಟ್ಟ ಮೀನು, ಈರುಳ್ಳಿ, ಸಬ್ಬಸಿಗೆ ಸೊಪ್ಪು. ಮೇಲೆ ಮುಚ್ಚೋಕೆ ಇನ್ನೊಂದು ಬ್ರೆಡ್ ಇರಲ್ಲ. ಸ್ಟಾಕ್‌ಹೋಮ್‌ನ ಸ್ಲುಸೆನ್ ಹತ್ತಿರ ಗಾಡಿಯಲ್ಲಿ ಮಾರೋ ತಿಂಡಿ ಇದು.

ಈ ಮೀನಿನ ಹೆಸರು ಸ್ಟ್ರೊಮ್ಮಿಂಗ್. ಅಸಲಿಗೆ ಇದು ಹೆರಿಂಗ್ ಮೀನೇ. ಸ್ವೀಡನ್ನಿನ ಆಗ್ನೇಯ ಕರಾವಳಿಯಲ್ಲಿ ಕ್ರಿಸ್ಟಿಯಾನೊಪೆಲ್ ಅಂತ ಊರಿದೆ. ಅದರ ಉತ್ತರಕ್ಕೆ ಸಿಕ್ಕರೆ ಸ್ಟ್ರೊಮ್ಮಿಂಗ್, ದಕ್ಷಿಣಕ್ಕೆ ಸಿಕ್ಕರೆ ಸಿಲ್. ಜಾತಿ ಒಂದೇ, ಹೆಸರು ಎರಡು. ಯಾಕೆ ಗೊತ್ತಾ? ನೀರು ಬೇರೆ. ಸಾಗರದ ಒಂದು ಲೀಟರ್ ನೀರಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತೆ. ಸ್ಟಾಕ್‌ಹೋಮ್ ಕಡೆಯ ಬಾಲ್ಟಿಕ್ ಸಮುದ್ರದಲ್ಲಿ ಹೆಚ್ಚುಕಮ್ಮಿ 6 ಗ್ರಾಂ. ಈ ಸಪ್ಪೆ ನೀರಿನ ಹೆರಿಂಗ್ ಚಿಕ್ಕದು, ಕೊಬ್ಬೂ ಕಮ್ಮಿ.

ಸಪ್ಪೆ ಸಮುದ್ರ, ಸಾಲದ್ದಕ್ಕೆ ಬಿಸಿಲೂ ಕಮ್ಮಿ. ನಮ್ಮ ಸಾಣಿಕಟ್ಟೆಯ ಥರ ಉಪ್ಪಿನ ಗದ್ದೆ ಮಾಡೋಕೆ ಅಲ್ಲಿ ಆಗ್ತಿರ್ಲಿಲ್ಲ. ಮಧ್ಯಯುಗದಲ್ಲಿ ಜರ್ಮನಿಯ ಲ್ಯೂನೆಬರ್ಗ್ ಉಪ್ಪು ಹಡಗಿನಲ್ಲಿ ಬರ್ತಿತ್ತು. ಮೀನಿಗೆ ಆ ಉಪ್ಪು ಹಾಕಿ ಪೀಪಾಯಿಯಲ್ಲಿ ತುಂಬಿಟ್ಟರೆ ಚಳಿಗಾಲಕ್ಕೆ ಊಟ. ಹೆಲ್ಸಿಂಕಿಯಲ್ಲಿ 1743ರಿಂದ ಹೆರಿಂಗ್ ಸಂತೆ ನಡೀತಿದೆ, ಇವತ್ತಿಗೂ ಪ್ರತಿ ಅಕ್ಟೋಬರ್‌ನಲ್ಲಿ. ಆಗ ಫಿನ್ಲೆಂಡ್ ಸ್ವೀಡನ್ನಿನ ಭಾಗ.

ರೊಟ್ಟಿಯದ್ದೂ ಇಂಥದೇ ಲೆಕ್ಕಾಚಾರ. ಕ್ನೆಕ್ಕೆಬ್ರೋಡ್ ಅನ್ನೋದು ರೈ ಧಾನ್ಯದ ತೆಳ್ಳನೆಯ, ಹಪ್ಪಳದಂಥ ರೊಟ್ಟಿ. ಹಳ್ಳಿಗಳಲ್ಲಿ ವರ್ಷಕ್ಕೆ ಒಂದೆರಡು ಸಲ ಸುಡೋರು. ನಡುವೆ ತೂತು ಮಾಡಿ, ಕೋಲಿಗೆ ಪೋಣಿಸಿ ಸೂರಿನ ಕೆಳಗೆ ನೇತುಹಾಕೋರು. ತಿಂಗಳುಗಟ್ಟಲೆ ಕೆಡ್ತಿರ್ಲಿಲ್ಲ.

ಮನೇಲಿ ಮಾಡೋದು ಸುಲಭ. ನಾನು ಬೂತಾಯಿ ತಗೋತೀನಿ, ಅದು ಹೆರಿಂಗ್‌ನ ನೆಂಟ. ಮುಳ್ಳು ತೆಗೆದು ಪುಸ್ತಕದ ಹಾಗೆ ಬಿಡಿಸಿ. ಒಂದರ ಒಳಭಾಗಕ್ಕೆ ಉಪ್ಪು, ಬಿಳಿ ಮೆಣಸು, ಹೆಚ್ಚಿದ ಸಬ್ಬಸಿಗೆ ಹಾಕಿ, ಇನ್ನೊಂದನ್ನ ಮೇಲಿಟ್ಟು ಒತ್ತಿ. ಸ್ವೀಡನ್‌ನಲ್ಲಿ ಇದಕ್ಕೆ 'ಫ್ಲುಂಡ್ರಾ' ಅಂತಾರೆ, ಚಪ್ಪಟೆ ಮೀನಿನ ಹೆಸರು, ಯಾಕಂದ್ರೆ ನೋಡೋಕೆ ಹಾಗೇ ಕಾಣುತ್ತೆ. ರೈ ಹಿಟ್ಟು ಸಿಗದಿದ್ರೆ ಗೋಧಿ ಹಿಟ್ಟಲ್ಲಿ ಹೊರಳಿಸಿ, ಬೆಣ್ಣೆಯಲ್ಲಿ ಎರಡೂ ಕಡೆ ಕೆಂಪಗೆ ಹುರೀರಿ. ಗರಿಯಾಗಿ ಟೋಸ್ಟ್ ಮಾಡಿದ ಬ್ರೌನ್ ಬ್ರೆಡ್‌ಗೆ ಬೆಣ್ಣೆ ಸವರಿ, ಮೀನು, ಈರುಳ್ಳಿ ಇಟ್ಟು, ನಿಂಬೆ ಹಿಂಡಿ.

ಆದ್ರೆ ಈ ಬಡವರ ಮೀನು ಈಗ ಕಷ್ಟದಲ್ಲಿದೆ. 2024ಕ್ಕೆ ಮಧ್ಯ ಬಾಲ್ಟಿಕ್‌ನಲ್ಲಿ ಹೆರಿಂಗ್‌ಗಾಗಿಯೇ ನಡೆಯೋ ಮೀನುಗಾರಿಕೆ ನಿಲ್ಲಿಸೋಣ ಅಂತ ಯುರೋಪಿಯನ್ ಕಮಿಷನ್ 2023ರಲ್ಲಿ ಹೇಳಿತ್ತು. ಸದಸ್ಯ ದೇಶಗಳ ಮಂತ್ರಿಗಳು ಒಪ್ಪಲಿಲ್ಲ, ಕೋಟಾ ಮಾತ್ರ ಕಡಿತ ಮಾಡಿದ್ರು. ದೊಡ್ಡ ಟ್ರಾಲರ್‌ಗಳು ಹಿಡಿಯೋದರಲ್ಲಿ ಬಹುಪಾಲು ಜನರ ತಟ್ಟೆಗೆ ಬರೋದೇ ಇಲ್ಲ. ಫಿಶ್ ಮೀಲ್ ಪುಡಿಯಾಗಿ ಸಾಕಣೆ ಮೀನಿಗೆ, ಪ್ರಾಣಿಗಳಿಗೆ ಮೇವಾಗುತ್ತೆ.

ನಮ್ಮ ಕರಾವಳಿಯ ಬೂತಾಯಿಯೂ ಫಿಶ್ ಮೀಲ್ ಫ್ಯಾಕ್ಟರಿಗಳಿಗೆ ಹೋಗ್ತಿದೆ. ಅಗ್ಗದ, ಪೌಷ್ಟಿಕ ಮೀನು ಮೊದಲು ಯಾರ ಹೊಟ್ಟೆ ಸೇರ್ಬೇಕು? ನನ್ನ ಮಟ್ಟಿಗೆ ಇದು ಸ್ವೀಡನ್ನಿಗೆ ಮಾತ್ರ ಕೇಳೋ ಪ್ರಶ್ನೆ ಅಲ್ಲ. ನೀವೇನಂತೀರಿ, ವಾಯ್ಸ್ ನೋಟ್ ಕಳಿಸಿ.