ಇಂಗ್ಲಿಷಿನ ಏಕವಚನ

ನಮ್ಮೂರ ಧಣಿಯ ಹತ್ತು ವರ್ಷದ ಮಗ ಅರವತ್ತು ದಾಟಿದ ನನ್ನ ತಾತನನ್ನ ‘ಬಾರೋ, ಹೋಗೋ’ ಅಂತಿದ್ದ. ತಾತ ಅವನಿಗೆ ‘ಬುದ್ಧೀ’ ಅಂತಿದ್ದ. ಇದನ್ನು ನೋಡಿ ಬೆಳೆದ ನನಗೆ ಕಾಲೇಜಿನಲ್ಲಿ ಇಂಗ್ಲಿಷಿನ ‘ಯೂ’ ಸಿಕ್ಕಾಗ ಆದ ಖುಷಿ ಅಷ್ಟಿಷ್ಟಲ್ಲ. ಧಣಿಗೂ ಯೂ, ಆಳಿಗೂ ಯೂ. ಎಂಥಾ ಸಮಾನತೆಯ ಭಾಷೆ ಅಂದುಕೊಂಡೆ. ಚರಿತ್ರೆ ಓದುತ್ತಾ ಹೋದ ಹಾಗೆ ಆ ಖುಷಿ ಕರಗಿತು.

ಇಂಗ್ಲಿಷಿಗೂ ಒಂದು ‘ನೀನು’ ಇತ್ತು, ‘ದೌ’ ಅಂತ. ‘ಯೂ’ ಬಹುವಚನ. ಹದಿಮೂರನೇ ಶತಮಾನದಿಂದೀಚೆಗೆ ಫ್ರೆಂಚರ ನಡಾವಳಿ ನೋಡಿ ದೊಡ್ಡವರೊಬ್ಬರನ್ನೇ ‘ಯೂ’ ಅನ್ನುವ ರೂಢಿ ಬೆಳೆಯಿತು. ಕೆಳಗಿನವರ ಪಾಲಿಗೆ ‘ದೌ’ ಉಳಿಯಿತು. 1603ರಲ್ಲಿ ರಾಜದ್ರೋಹದ ಆಪಾದನೆ ಹೊತ್ತು ನಿಂತ ಸರ್ ವಾಲ್ಟರ್ ರಾಲಿಯನ್ನು ಸರ್ಕಾರಿ ವಕೀಲ ಎಡ್ವರ್ಡ್ ಕೋಕ್ ಬೇಕೆಂದೇ ‘ದೌ’ ಎಂದು ಕರೆದ. ರಾಲಿಯ ತಲೆ ಉರುಳಿದ್ದು 1618ರಲ್ಲಿ. ಬಹುವಚನ ಅವತ್ತೇ ಉರುಳಿತ್ತು.

ಅದೇ ಶತಮಾನದ ನಡುವೆ ಜಾರ್ಜ್ ಫಾಕ್ಸ್‌ನ ಹಿಂದೆ ಬಂದ ಕ್ವೇಕರ್ ಪಂಥದವರು ಇದನ್ನ ತಲೆಕೆಳಗು ಮಾಡಿದರು. ದೇವರಿಗೇ ಏಕವಚನ ಇರುವಾಗ ಇವರಿಗ್ಯಾಕೆ ಬಹುವಚನ ಎಂದು ನ್ಯಾಯಾಧೀಶನಿಗೂ ‘ದೌ’ ಅಂದರು, ಟೋಪಿ ತೆಗೆಯಲಿಲ್ಲ. ಒದೆ ತಿಂದರು. ಆದರೆ ಗೆದ್ದದ್ದು ‘ಯೂ’. 1700ರ ಹೊತ್ತಿಗೆ ‘ದೌ’ ದಿನದ ಮಾತಿನಿಂದ ಬಹುಮಟ್ಟಿಗೆ ಮರೆಯಾಗಿ ಪ್ರಾರ್ಥನೆ, ಪದ್ಯ, ಹಳ್ಳಿಗಾಡು ಸೇರಿತು.

ಏಕವಚನ ಹೋಯಿತು, ಧಣಿ ಹೋಗಲಿಲ್ಲ.

ಅಮೆರಿಕದ ದಕ್ಷಿಣದ ರಾಜ್ಯಗಳನ್ನು ನೋಡಿ. 1865ರಲ್ಲಿ ಕಾನೂನು ಗುಲಾಮಗಿರಿಯನ್ನು ಕೊನೆಗಾಣಿಸಿತು. ಆಮೇಲೂ ಬಿಳಿಯರು ಕಪ್ಪು ಜನರನ್ನು ‘ಯೂ’ ಅಂತಲೇ ಮಾತಾಡಿಸುತ್ತಿದ್ದರು. ಅವಮಾನ ಹೆಸರಿನ ಪಕ್ಕಕ್ಕೆ ಹೋಗಿ ಕೂತಿತ್ತು. ಮಿಸ್ಟರ್, ಮಿಸ್, ಮಿಸೆಸ್ ಬಿಳಿಯರ ಸ್ವತ್ತು. ಕಪ್ಪು ಗಂಡಸಿಗೆ ನಲವತ್ತಾದರೂ ಅವನು ‘ಬಾಯ್’, ಹೆಂಗಸು ‘ಗರ್ಲ್’, ತಲೆ ನೆರೆತರೆ ‘ಅಂಕಲ್’, ‘ಆಂಟ್’. ನಾವು ಪಕ್ಕದ ಮನೆಯವರನ್ನು ಕರೆಯುವ ಅಂಕಲ್ ಅಲ್ಲ ಇದು, ಮಿಸ್ಟರ್ ಕೊಡದಿರಲು ಹುಡುಕಿಕೊಂಡ ಅಂಕಲ್. 1889ರಲ್ಲಿ ಹುಟ್ಟಿದ ‘ಆಂಟ್ ಜೆಮೈಮಾ’ ಎಂಬ ಹಿಟ್ಟಿನ ಪೊಟ್ಟಣದ ಹೆಸರು ಬದಲಾದದ್ದು 2021ರಲ್ಲಿ. ಮಾರುತ್ತಿದ್ದ ಕಂಪನಿಯ ಹೆಸರು ಕ್ವೇಕರ್ ಓಟ್ಸ್! ಫಾಕ್ಸ್‌ನ ಪಂಥಕ್ಕೂ ಅದಕ್ಕೂ ಹೆಸರು ಬಿಟ್ಟರೆ ಸಂಬಂಧವಿಲ್ಲ ಬಿಡಿ.

1963ರ ಜೂನ್. ಅಲಬಾಮಾ ರಾಜ್ಯದ ಗ್ಯಾಡ್ಸ್‌ಡನ್ ಊರಿನ ಕೋರ್ಟು. ಬಂಧಿತ ಚಳವಳಿಗಾರರ ಅರ್ಜಿಯ ವಿಚಾರಣೆ. ಸಾಕ್ಷಿಯ ಕಟಕಟೆಯಲ್ಲಿ ಮೇರಿ ಹ್ಯಾಮಿಲ್ಟನ್, ಕಪ್ಪು ಜನರ ಹಕ್ಕಿಗೆ ದುಡಿಯುತ್ತಿದ್ದ ‘ಕೋರ್’ ಸಂಘಟನೆಯ ಕಾರ್ಯಕರ್ತೆ, ಇನ್ನೂ ಮೂವತ್ತು ದಾಟದ ಪ್ರಾಯ. ಸರ್ಕಾರಿ ವಕೀಲ ‘ಮೇರಿ’ ಎಂದು ಶುರು ಮಾಡಿದ. ನನ್ನ ಹೆಸರು ಮಿಸ್ ಹ್ಯಾಮಿಲ್ಟನ್, ಸರಿಯಾಗಿ ಕರೆಯುವ ತನಕ ಉತ್ತರ ಹೇಳೋದಿಲ್ಲ ಅಂದಳು. ಉತ್ತರ ಕೊಡೆಂದು ನ್ಯಾಯಾಧೀಶ ಆಜ್ಞೆ ಮಾಡಿದ. ಇಲ್ಲ ಅಂದಳು. ನ್ಯಾಯಾಲಯ ನಿಂದನೆ ಎಂದು ಐದು ದಿನ ಜೈಲು, 50 ಡಾಲರ್ ದಂಡ.

ಮೇಲ್ಮನವಿ ಹೋಯಿತು. ಅಲಬಾಮಾದ ಸುಪ್ರೀಂ ಕೋರ್ಟಿನ ಸಮಜಾಯಿಷಿ ಕೇಳಿ: ಸಾಕ್ಷಿಯ ಹೆಸರು ದಾಖಲೆಯಲ್ಲಿ ಮೇರಿ ಹ್ಯಾಮಿಲ್ಟನ್ ಎಂದಿದೆಯೇ ಹೊರತು ಮಿಸ್ ಮೇರಿ ಹ್ಯಾಮಿಲ್ಟನ್ ಎಂದಿಲ್ಲ! ಅಷ್ಟು ಓದಿದ ನ್ಯಾಯಮೂರ್ತಿಗಳಿಗೆ ಮಿಸ್ ಅಂದರೇನು ಅಂತ ಗೊತ್ತಿರಲಿಲ್ಲವೇ? 1964ರ ಮಾರ್ಚ್ 30ರಂದು ಅಮೆರಿಕದ ಸುಪ್ರೀಂ ಕೋರ್ಟು ಆ ಶಿಕ್ಷೆಯನ್ನು ರದ್ದು ಮಾಡಿತು. ಐದು ದಿನದ ಜೈಲನ್ನು ಅವಳು ಆಗಲೇ ಮುಗಿಸಿದ್ದಳು.

1968ರಲ್ಲಿ ಮೆಂಫಿಸ್ ನಗರದ ಕಸ ಎತ್ತುವ ಸುಮಾರು 1,300 ಕಪ್ಪು ಕಾರ್ಮಿಕರು ಮುಷ್ಕರ ಹೂಡಿದರು. ಅವರು ಹಿಡಿದ ಫಲಕದಲ್ಲಿ ಸಂಬಳದ ಮಾತಿಲ್ಲ, ನಾನು ಗಂಡಸು ಅಂತ ಅಷ್ಟೇ. ಜೀವಮಾನವಿಡೀ ‘ಬಾಯ್’ ಅನ್ನಿಸಿಕೊಂಡವರ ಬರಹ ಅದು.

ಮತ್ತೆ ಅದೇ ಗ್ಯಾಡ್ಸ್‌ಡನ್ನಿನ ಕೋಳಿಮಾಂಸದ ಕಾರ್ಖಾನೆಯೊಂದರಲ್ಲಿ ಬಡ್ತಿ ಸಿಗದ ಇಬ್ಬರು ಕಪ್ಪು ಕೆಲಸಗಾರರು ದಾವೆ ಹಾಕಿದರು. ಮ್ಯಾನೇಜರು ತಮ್ಮನ್ನು ‘ಬಾಯ್’ ಅಂತಿದ್ದ ಅಂದರು. ಹಿಂದೆ ‘ಕಪ್ಪು’ ಅಂತ ಸೇರಿಸದ ಬರೀ ಬಾಯ್‌ನಲ್ಲಿ ತಾರತಮ್ಯ ಕಾಣಲಿಲ್ಲ ಎಂದಿತು ಮೇಲ್ಮನವಿ ಕೋರ್ಟು. 2006ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ: ಸಂದರ್ಭ ನೋಡಿ, ದನಿ ನೋಡಿ, ಆ ಊರಿನ ರೂಢಿ ನೋಡಿ ಎಂದಿತು. ಮೇಲ್ಮನವಿ ಕೋರ್ಟು 2010ರಲ್ಲಿ ಮತ್ತೆ ಸಾಲದು ಅಂತು. ತನ್ನ ತೀರ್ಪನ್ನು ತಾನೇ ತಿದ್ದಿಕೊಂಡದ್ದು 2011ರಲ್ಲಿ.