ಗುಡ್ಡದಾಗಿನ ಮನಿಗೆ ಕಸಾ ಹೊಡಿಯೋರು ಯಾರು?

ಈ ಸಲ ಅಡಗಿ ಬ್ಯಾಡ, ಹಬ್ಬಾ ಬ್ಯಾಡ. ನ್ಯೂಜಿಲೆಂಡಿನ ಗುಡ್ಡಗಾಡಿನ ಮನಿಗಳ ಇತಿಹಾಸ ಹೇಳತೀನಿ. ನಮ್ಮ ಮಗಳು ಕ್ರೈಸ್ಟ್‌ಚರ್ಚಿನ್ಯಾಗ ಇರತಾಳ ಅನ್ನೋದು ನಿಮಗ ಗೊತ್ತದ. ಆಕಿ ಬಾಣಂತನಕ್ಕ ಹೋದಾಗ ಅಳಿಯಂದಿರ ಪುಸ್ತಕ ತಿರುವಿ ಹಾಕತಾ ಹಾಕತಾ ನನಗ ಈ ಮನಿಗಳ ಹುಚ್ಚು ಹತ್ತಿತು. ಯಾರೂ ಇರದ ಮನಿ ಹೆಂಗ ಉಳೀತಾವ, ಹೆಂಗ ಹೋಗತಾವ ಅನ್ನೋದು ನಮ್ಮಂಥಾ ಮನಿ ನಡಸೋ ಹೆಣಮಕ್ಕಳಿಗೆ ಲಗೂನ ತಿಳಿಯೋ ವಿಷಯ.

ಅಲ್ಲಿ ಇವಕ್ಕ ಹಟ್ಟು ಅಂತಾರ. ಸರಕಾರದ ಸಂರಕ್ಷಣಾ ಇಲಾಖೆ ಕೈಯಾಗ ಇಂಥವು 950ಕ್ಕಿಂತ ಹೆಚ್ಚು ಅವ. ಡಾಂಬರು ರಸ್ತೆ ಮುಗದ ಮ್ಯಾಲೆ ತಾಸುಗಟ್ಟಲೆ, ಕೆಲವಕ್ಕ ದಿನಗಟ್ಟಲೆ ನಡೀಬೇಕು. ಒಳಗ ನಾಕು ಇಲ್ಲಾ ಆರು ಮಂದಿ ಮಲಗೋ ಹಲಗಿ, ಒಂದು ಒಲಿ, ಒಂದು ಬಾಕು. ಹೊರಗ ತಗಡಿನಿಂದ ಇಳಿಯೋ ಮಳಿ ನೀರು ಹಿಡಿಯೋ ಟಾಕಿ, ಅತ್ತ ದೂರ ಒಂದು ಪಾಯಖಾನಿ. ಭಾಳಷ್ಟು ಹಟ್ಟಿನ ಬಾಗಲಕ್ಕ ಕೀಲಿ ಇರಂಗಿಲ್ಲ. ಒಳಗೊಂದು ಪುಸ್ತಕ ಇರತದ. ಬಂದವರು ತಮ್ಮ ಹೆಸರು, ಮುಂದ ಎಲ್ಲಿಗೆ ಹೊಂಟೇವಿ ಅನ್ನೋದು ಬರದಿಡಬೇಕು. ಯಾರರೆ ಹಾದಿ ತಪ್ಪಿದ್ರ ಹುಡುಕಲಿಕ್ಕೆ ಬಂದವರಿಗೆ ಆ ಒಂದು ಸಾಲು ಜೀವಾ ಉಳಿಸೋ ಗುರ್ತು. ಪಶ್ಚಿಮ ಕರಾವಳಿ ಕಡೆ ಮಳಿ ಎಷ್ಟಂದ್ರ, ಮುಂಜಾನೆ ಮೊಣಕಾಲ ಮಟ ಇದ್ದ ಹೊಳಿ ಸಂಜೀಕ ದಾಟಲಿಕ್ಕೆ ಆಗದಂಗ ತುಂಬಿರತದ. ಆವಾಗ ಈ ನಾಕು ಗ್ವಾಡಿನ ಆಸರಾ.

ಇಷ್ಟು ಮನಿ ಕಟ್ಟಿದ್ದು ಯಾಕ? ಮೊದಲ ದನಾ-ಕುರಿ ಕಾಯೋರು, ಬಂಗಾರ ಹುಡುಕೋರು, ಹಿಮದ ಗುಡ್ಡಾ ಹತ್ತೋರು ಒಂದೊಂದು ಕಟಗೊಂಡಿದ್ರು. ಹೆಚ್ಚಿನವು ಬಂದದ್ದು ಮಾತ್ರ ಜಿಂಕಿ ಕಾರಣದಿಂದ. ಆ ದೇಶದಾಗ ಬಾವಲಿ ಬಿಟ್ರ ಮೊಲಿ ಕುಡಿಸೋ ಕಾಡುಪ್ರಾಣಿನ ನೆಲದ ಮ್ಯಾಲೆ ಇದ್ದಿಲ್ಲ. 19ನೇ ಶತಮಾನದಾಗ ಇಂಗ್ಲೆಂಡಿನಿಂದ ಬಂದವರು ಬ್ಯಾಟಿ ಆಡಲಿಕ್ಕೆ ಅಂತ ಕೆಂಪು ಜಿಂಕಿ ತಂದು ಬಿಟ್ರು. ಅವು ಬೆಳದು ಬೆಳದು ಕಾಡಿನ ಬುಡದ ಸಸಿ ಎಲ್ಲಾ ಮೇದುಬಿಟ್ವು. ಮಣ್ಣು ಜಾರಿ ಹೊಳಿಗೆ ಬರತದ, ಕೆಳಗಿನ ಹೊಲ ಹೋಗತಾವ ಅಂತ ಹೆದರಿಕಿ ಹುಟ್ಟಿತು. 1930ರ ದಶಕದ ಸುರುವಾತಿಗೆ ಸರಕಾರನ ಪಗಾರ ಕೊಟ್ಟು ಬ್ಯಾಟಿಗಾರರನ್ನ ಇಟ್ಟಿತು. 1956ರಾಗ ಆ ಕೆಲಸ ಅರಣ್ಯ ಇಲಾಖೆಗೆ ಬಂತು. ಈ ಹುಡುಗ್ರು ತಿಂಗಳಾನಗಟ್ಟಲೆ ಗುಡ್ಡದಾಗ ಇರಬೇಕಲ್ಲ, ಅವರಿಗೆ ಅಂತ 1950ರಿಂದ 1970ರ ದಶಕದೊಳಗ ಆರು ನೂರಕ್ಕಿಂತ ಹೆಚ್ಚು ಹಟ್ಟು ಎದ್ವು. ನಕ್ಷೆ ಒಂದ ನಮೂನಿ. ಸಾಮಾನು ವಿಮಾನದಿಂದ ಕೆಳಗ ಹಾಕತಿದ್ರು, ಆಮ್ಯಾಲೆ ಹೆಲಿಕಾಪ್ಟರ್ ಬಂತು. ಮ್ಯಾಲಿಂದ ಕಾಣಲಿ ಅಂತ ಎಷ್ಟೋ ಮನಿಗೆ ಕಿತ್ತಳಿ ಬಣ್ಣ. ಅಂಥಾ ಬ್ಯಾಟಿಗಾರರ ಬಾಳೇವು ಹೇಳೋ ಬ್ಯಾರಿ ಕ್ರಂಪ್ ಅವರ ‘ಎ ಗುಡ್ ಕೀನ್ ಮ್ಯಾನ್’ ಅನ್ನೋ ಪುಸ್ತಕ 1960ರಾಗ ಬಂದು ಮನಿಮನಿ ಮಾತಾತು.

ಮುಂದ ಏನಾತು ಅಂದ್ರ, ಜಿಂಕಿ ಮಾಂಸಕ್ಕ ಹೊರದೇಶದಾಗ ರೇಟು ಬಂತು. 1960, 70ರ ದಶಕದಾಗ ಖಾಸಗಿ ಮಂದಿ ಹೆಲಿಕಾಪ್ಟರಿನಿಂದನ ಜಿಂಕಿ ಹೊಡದು ಒಯ್ಯಲಿಕ್ಕೆ ಹತ್ತಿದ್ರು. ನಡಕೊಂಡು ಹೋಗೋ ಬ್ಯಾಟಿಗಾರನ ಕೆಲಸ ಮುಗೀತು. 1987ರಾಗ ಅರಣ್ಯ ಇಲಾಖೆ, ಭೂಮಿ ಇಲಾಖೆ ಎಲ್ಲಾ ಮುರದು ಹೊಸಾ ಸಂರಕ್ಷಣಾ ಇಲಾಖೆ ಮಾಡಿದಾಗ ಈ ನೂರಾರು ಮನಿ ಅದರ ಉಡಿಯೊಳಗ ಬಿದ್ವು. ಕಟ್ಟಿದ ಕಾರಣ ಹೋಗಿತ್ತು, ಮನಿ ಉಳದಿದ್ವು. ನೋಡಕೊಳ್ಳಲಿಕ್ಕೆ ಸಾಕಷ್ಟು ಮಂದಿನೂ ಇಲ್ಲ, ರೊಕ್ಕಾನೂ ಇಲ್ಲ.

ಮನಿ ಬಿಟ್ರ ಹೆಂಗಾಗತದ ನಿಮಗ ಹೇಳಬೇಕಾ? ಮೊದಲ ಗಿಡಾ ಗ್ವಾಡಿಗೆ ಆತು ನಿಲ್ಲತದ, ಗ್ವಾಡಿ ಆರಂಗಿಲ್ಲ. ನೆಲದೊಳಗಿನ ಕಂಬ ಕೊಳೀತಾವ. ಧೂಪಳಿ ತಗಡು ತುಕ್ಕು ಹಿಡೀತದ, ಅಲ್ಲಿಂದ ಸೋರಿದ ನೀರು ಹಲಗಿಗೆ ಇಳೀತದ. ಅಲ್ಲಿ ಕೀಯಾ ಅಂತ ಒಂದು ಗುಡ್ಡದ ಗಿಳಿ ಅದ, ಮಹಾ ಕಿಡಿಗೇಡಿ. ಹಳೇ ಛತ್ತಿನ ಸೀಸದ ತಲಿ ಮಳಿ ಕೊಕ್ಕಿನಿಂದ ಕಿತ್ತು ತಿಂತದ. ಛತ್ತೂ ಹಾಳು, ಸೀಸದ ವಿಷದಿಂದ ಗಿಳಿಗೂ ಕೇಡು.

ಗುಡ್ಡಾನೂ ಸುಮ್ಮನಿರಂಗಿಲ್ಲ. ಅವೊರಾಕಿ ಪರ್ವತದ ಹತ್ರ ಬ್ಯಾರನ್ ಸ್ಯಾಡಲ್ ಅನ್ನೋ ಕಣಿವಿ ತಲಿಮ್ಯಾಲೆ ತ್ರೀ ಜಾನ್ಸ್ ಹಟ್ಟು ಇತ್ತು. 1977ರಾಗ ಬಿರುಗಾಳಿ ಇಡೀ ಮನಿನ ಎತ್ತಿ ಒಗೀತು, ಒಳಗಿದ್ದ ನಾಕೂ ಮಂದಿ ಸತ್ರು. ಅದೇ ಕಡೆ ಹೂಕರ್ ಹಟ್ಟು 1910ರ ಹೊತ್ತಿಗೆ ಕಟ್ಟಿದ್ದು. ಆವಾಗ ಹಿಮನದಿ ಅದರ ಮಗ್ಗಲಕನ ಇತ್ತಂತ. ಹಿಮ ಕರಗಿ ಕೆಳಗ ಇಳದಂಗ ದಂಡಿ ಕುಸೀಲಿಕ್ಕೆ ಹತ್ತಿತು. ಮನಿ ಒಂದಲ್ಲ, ಹಲವು ಸಲ ಜಾಗಾ ಬದಲ ಮಾಡಿತು. 2015ರಾಗ ಬಿಚ್ಚಿ ತಗದು, ರಿಪೇರಿ ಮಾಡಿ, ಬ್ಯಾರೆ ಗಟ್ಟಿ ಜಾಗಾದಾಗ ನಿಲ್ಲಿಸಿ 2020ರಾಗ ಮತ್ತ ಬಾಗಲಾ ತಗದ್ರು. ನೂರು ವರ್ಷದ ಮುದುಕಿಯನ್ನ ಎತ್ತಿ ಎತ್ತಿ ಕೂಡಿಸಿದಂಗ.

ಇನ್ನೊಂದು ಸಂಗತಿ ಹೇಳಲಿಕ್ಕೆ ಮನಸ್ಸಿಗೆ ಭಾಳ ತ್ರಾಸಾಗತದ. ಅದು ಹಟ್ಟಲ್ಲ, ಕೇವ್ ಕ್ರೀಕ್ ಅನ್ನೋ ಕಡೆ ಕಮರಿ ಅಂಚಿಗೆ ನಿಂತು ನೋಡಲಿಕ್ಕೆ ಇಲಾಖೆಯವರು ಕಟ್ಟಿದ್ದ ಕಟಗಿ ಅಟ್ಟ. 28 ಏಪ್ರಿಲ್ 1995ರಂದು ಪಾಲಿಟೆಕ್ನಿಕ್ ಹುಡುಗ್ರು ಅದರ ಮ್ಯಾಲೆ ನಿಂತಾಗ ಅದು ಕಿತಗೊಂಡು ಕಮರಿಗೆ ಬಿತ್ತು. 13 ವಿದ್ಯಾರ್ಥಿಗಳು, ಅವರ ಜೋಡಿ ಹೋಗಿದ್ದ ಇಲಾಖೆಯ ಒಬ್ಬ ಅಧಿಕಾರಿ, ಹಿಂಗ 14 ಮಂದಿ ತೀರಿಕೊಂಡ್ರು. ವಿಚಾರಣೆ ಆದಾಗ ಗೊತ್ತಾದದ್ದು: ಬೋಲ್ಟು ಹಾಕಬೇಕಾದಲ್ಲಿ ಮಳಿ ಹೊಡದಿದ್ರು. ಎಂಜಿನಿಯರ್ ನಕ್ಷೆ ಇಲ್ಲ, ಕಟ್ಟಡದ ಪರವಾನಗಿ ಇಲ್ಲ. ಇಲಾಖೆಗೆ ಕೊಟ್ಟ ಕೆಲಸ ಭಾಳ, ಕೊಟ್ಟ ರೊಕ್ಕ ಕಡಿಮಿ ಅನ್ನೋದೂ ವರದಿಯೊಳಗ ಬಂತು. 1996ರಾಗ ಆ ಖಾತೆ ಮಂತ್ರಿ ಡೆನಿಸ್ ಮಾರ್ಷಲ್ ರಾಜೀನಾಮೆ ಕೊಟ್ರು.

ಆ ಅಟ್ಟ ಕಟ್ಟಿದವರೇನು ಕೆಟ್ಟ ಮಂದಿ ಅಲ್ಲ. ನಾಕು ಜನ ನೋಡಿ ಖುಷಿ ಪಡಲಿ ಅಂತ ದುಡದವರು. ಅದ ನನ್ನ ಎದಿಗೆ ಚುಚ್ಚತದ. ಬರೇ ಅಕ್ಕರೆ ಇದ್ರ ಮನಿ ನಿಲ್ಲಂಗಿಲ್ಲ.

ಆಮ್ಯಾಲೆ ಇಲಾಖೆ ದೇಶದ ತುಂಬ ಸೇತುವಿ, ಅಟ್ಟ, ಹಟ್ಟು ಎಲ್ಲಾ ಪರೀಕ್ಷೆ ಮಾಡಿತು. ಇದು ಆಗಬೇಕಾದದ್ದ. ಆದ್ರ ನಿಯಮ ಬಿಗಿ ಆದಂಗ ಹಳೇ ಹಟ್ಟು ಇಡೋದಕ್ಕಿಂತ ತಗದು ಒಗಿಯೋದು ಸಸಾರ ಅನಸಲಿಕ್ಕೆ ಹತ್ತಿತು. 2003-04ರಾಗ ಯಾವ ಹಟ್ಟು ಇಡಬೇಕು, ಯಾವುದನ್ನ ಬಿಡಬೇಕು ಅಂತ ಪಟ್ಟಿ ಮಾಡಿ ಜನರ ಮುಂದಿಟ್ರು. ವರ್ಷಕ್ಕ ಬೆರಳೆಣಿಕಿ ಮಂದಿ ಹೋಗೋ ಮನಿಗೆ ಯಾಕ ಖರ್ಚು ಅನ್ನೋದು ಒಂದು ಮಾತು. ಲೆಕ್ಕದ ಪುಸ್ತಕ ಹಿಡಕೊಂಡು ಕೂತವರಿಗೆ ಆ ಮಾತು ಖರೇನ ಕಾಣತದ. ಮಳಿಯೊಳಗ ಸಿಕ್ಕ ಆ ಬೆರಳೆಣಿಕಿ ಮಂದಿಗೆ ಕೇಳ್ರಿ.

ಅದೇ ಹೊತ್ತಿನ್ಯಾಗ ಪಶ್ಚಿಮ ಕರಾವಳಿ ಮಂದಿ ಕೆಲವರು ಕೂಡಿ ಪರ್ಮೊಲಾಟ್ ಅಂತ ಗುಂಪು ಮಾಡಿದ್ರು. ಹಾದಿ ಗುರ್ತಿಗೆ ಗಿಡಕ್ಕ ಹೊಡೀತಿದ್ದ ಅಲ್ಯೂಮಿನಿಯಂ ಪಟ್ಟಿಯ ಹೆಸರು ಅದು. ಇಲಾಖೆ ಬಿಟ್ಟ ಹಟ್ಟಿಗೆ ತಾವ ಹೋಗೋದು, ಗಿಡಾ ಕಡಿಯೋದು, ಛತ್ತಿಗೆ ಬಣ್ಣಾ ಹಚ್ಚೋದು, ಕೊಳತ ಕಂಬ ತಗದು ಹೊಸಾದು ಇಡೋದು. 2014ರಾಗ ಗುಡ್ಡಾ ಹತ್ತೋ ಕ್ಲಬ್ಬುಗಳ ಒಕ್ಕೂಟ, ಜಿಂಕಿ ಬ್ಯಾಟಿಗಾರರ ಸಂಘ, ಗುಡ್ಡದ ಸೈಕಲ್ ಹಾದಿಯವರು ಮೂವರೂ ಕೈ ಕೂಡಿಸಿದ್ರು; ಅದು ಈಗ ಬ್ಯಾಕ್ ಕಂಟ್ರಿ ಟ್ರಸ್ಟ್ ಆಗೇದ. ಇಲಾಖೆ ರೊಕ್ಕ ಕೊಡತದ, ಕರಾರು ಮಾಡಕೋತದ, ಇವರು ಕೂಲಿ ಇಲ್ಲದ ದುಡೀತಾರ. ದೊಡ್ಡ ಖರ್ಚು ಹೆಲಿಕಾಪ್ಟರಿಂದು. ಬ್ಯಾಟಿ ಆಡೋರಿಗೂ ಗಿಡಾ-ಹಕ್ಕಿ ಉಳಸೋರಿಗೂ ಎಷ್ಟೋ ಮಾತಿಗೆ ಜಗಳ ಅದ, ಆದ್ರ ಸೋರೋ ಛತ್ತಿನ ಮುಂದ ಒಂದಾದ್ರು.

ಉಳದ ಮನಿಯೊಳಗ ನನಗ ಸೇರಿದ್ದು ಕಾಬ್ ಕಣಿವಿಯ ಆಸ್ಬೆಸ್ಟಸ್ ಕಾಟೇಜ್. ಅದು ಯಾರೂ ಇಳಕೊಳ್ಳಲಿ ಅಂತ ಕಟ್ಟಿದ್ದಲ್ಲ, ಸಂಸಾರದ ಮನಿ. ಆನಿ ಫಾಕ್ಸ್, ಹೆನ್ರಿ ಚಾಫಿ ಅಂತ ಇಬ್ಬರು, ಇಬ್ಬರೂ ಸುಖ ಇಲ್ಲದ ಲಗ್ನಾ ಬಿಟ್ಟು ಬಂದವರು. ಮಂದಿ ಮಾತಿನಿಂದ ದೂರ, 1914ರ ಸುಮಾರಿಗೆ ಆ ಗುಡ್ಡಾ ಸೇರಿದ್ರು. ಆತ ಖನಿಜ ಹುಡುಕತಿದ್ದ. ಹೆಚ್ಚುಕಡಿಮಿ ನಾಲವತ್ತು ವರ್ಷ ಅಲ್ಲೇ ಬಾಳೇವು ಮಾಡಿದ್ರು. 1951ರಾಗ ಹೆನ್ರಿ ತೀರಿಕೊಂಡ ಮ್ಯಾಲೆ ಆನಿ ಮನಿ ಬಿಟ್ಟು ಇಳದು ಬರಬೇಕಾತು. ಈಗ ಅದನ್ನ ದುರಸ್ತಿ ಮಾಡಿಟ್ಟಾರ. ನಡಕೊಂಡು ಹೋದವರು ಅಲ್ಲೇ ರಾತ್ರಿ ಇರಬಹುದು. ಊರಾಗ ಜಾಗಾ ಸಿಗದ ಒಬ್ಬಾಕಿ ಕಟಗೊಂಡ ಸಂಸಾರ ಅದು. ಅದನ್ನೂ ಖರ್ಚಿನ ಲೆಕ್ಕಕ್ಕ ಹಿಡದು ಕೆಡವಿದ್ದರ ಆಕಿ ಇದ್ದಳು ಅನ್ನೋ ಗುರ್ತನ ಇರತಿದ್ದಿಲ್ಲ.

ಎಲ್ಲಾ ಹಟ್ಟೂ ಇಡಬೇಕು ಅಂತ ನಾನು ಹೇಳಂಗಿಲ್ಲ. ತಳಾ ಕುಸಿಯೋ ದಂಡಿಮ್ಯಾಲಿನ ಮನಿ ಇಡೋದು ಪಾಪ. ಇಡೋದಾದ್ರ ಮಾತ್ರ ಕಸಬರಗಿ ಹಿಡಿಯೋ ಕೈನೂ ಬೇಕು, ಎಲ್ಲಿ ಬೋಲ್ಟು ಬೇಕು ಅಂತ ತಿಳದ ತಲಿನೂ ಬೇಕು. ಒಂದು ಇದ್ದು ಇನ್ನೊಂದು ಇಲ್ಲ ಅಂದ್ರ ಆಗಂಗಿಲ್ಲ.

ನಿಮ್ಮ ಮಕ್ಕಳು, ಅಳಿಯಂದಿರು, ಸೊಸೆಂದಿರು ಆ ದೇಶದಾಗ ಇದ್ರ ಇಷ್ಟು ಹೇಳಿ ಕಳಸ್ರಿ: ಟಿಕೀಟು ಇಲ್ಲಾ ಪಾಸು ತಗೊಂಡ ಹೋಗ್ರಿ, ಆ ರೊಕ್ಕ ಛತ್ತಿಗೆ ಹೋಗತದ. ಪುಸ್ತಕದಾಗ ಹೆಸರು ಬರೀರಿ, ರಾತ್ರಿ ಇರದಿದ್ರೂ ಬರೀರಿ. ಒಲಿಗೆ ಹಾಕಿದಷ್ಟು ಕಟಗಿ ಒಡದು ಒಳಗ ಒಣ ಜಾಗಾದಾಗ ಇಡ್ರಿ. ಮುಂದ ಬರೋರು ತೊಯ್ದು ನಡಗಕೋತ ಬರಬಹುದು. ಕಸಾ ಹೊಡೀರಿ, ಬಾಗಲಾ ಸರಿ ಹಾಕಿ ಬರ್ರಿ. ಛತ್ತು ಸೋರತಿದ್ರ ಫೋಟೋ ತಗದು ಇಲಾಖೆಗೆ ತಿಳಸ್ರಿ.